ಡೂಮ್ ಪಟ್ರೋಲ್: ಕಾಲ, ಕರ್ತೃ, ದೇಶ ವಿಚಾರ

ಕನ್ನಡದ ವಿದ್ವಾಂಸರು ಯಾವ ಕೃತಿಯನ್ನು ಕೈಗೆತ್ತಿಕೊಂಡರೂ ಮೊದಲು ಕವಿಯ ಕಾಲ, ದೇಶ, ಮತಗಳು ಇತ್ಯರ್ಥವಾಗಬೇಕು. ಕಾವ್ಯ ಓದುವುದು ಆಮೇಲಿನ ಮಾತು. ಓದದೆ ಬಿಟ್ಟರೂ ಯಾರೂ ಆಕ್ಷೇಪಿಸುವುದಿಲ್ಲ. ಈ ಸತ್ಸಂಪ್ರದಾಯಕ್ಕೆ ತಲೆಬಾಗಿ, ನಮ್ಮ ಅಧ್ಯಯನ ಪೀಠಗಳು ಇದುವರೆಗೆ ಕಣ್ಣು ಹಾಯಿಸಿದಂತೆ ಕಾಣದ ಒಂದು ಮಹಾಕೃತಿಯನ್ನು ಇಲ್ಲಿ ಪರಾಮರ್ಶಿಸಲಾಗಿದೆ. ಕೃತಿ: ಡೂಮ್ ಪಟ್ರೋಲ್. ಪ್ರಕಾಶಕರು: ಅಮೆರಿಕದ ಡಿಸಿ ಕಾಮಿಕ್ಸ್. ಸಂಶೋಧನಾ ಕ್ಷೇತ್ರ: ಪೂರ್ವಕ್ಕೆ ನವರಂಗ್ ಚಿತ್ರಮಂದಿರ, ಪಶ್ಚಿಮಕ್ಕೆ ಕೆಂಗೇರಿ ಉಪನಗರ, ನಡುವೆ ಸಿಗ್ನಲ್‌ಗಳು.

ಕ್ಷೇತ್ರಕಾರ್ಯದ ಮೊದಲ ಫಲಿತಾಂಶ ನಿರಾಶಾದಾಯಕ. ಹಾವನೂರು ವೃತ್ತದ ಅಂಗಡಿಗಳಲ್ಲಿ ತೂಗುವ ಸ್ಕೂಲ್ ಬ್ಯಾಗುಗಳ ಮೇಲೆ ಬ್ಯಾಟ್‌ಮ್ಯಾನ್ ಇದ್ದಾನೆ, ಸೂಪರ್‌ಮ್ಯಾನ್ ಇದ್ದಾನೆ. ಡೂಮ್ ಪಟ್ರೋಲ್ ಇಲ್ಲ. ಅಂಗಡಿಯವರನ್ನು ವಿಚಾರಿಸಿದಾಗ, “ಸ್ಪೈಡರ್‌ಮ್ಯಾನ್ ತಗೊಳಿ ಸಾರ್, ಎಲ್ಲಾ ಒಂದೇ ಕಂಪನಿ” ಎಂದರು. ಸ್ಪೈಡರ್‌ಮ್ಯಾನ್ ಮಾರ್ವೆಲ್‌ನವನು. ಈ ಅಪಸಿದ್ಧಾಂತವನ್ನು ಖಂಡಿಸಲು ಪ್ರತ್ಯೇಕ ಗ್ರಂಥವೇ ಬೇಕಾದ್ದರಿಂದ ಇಲ್ಲಿ ಕೈಬಿಡಲಾಗಿದೆ.

ಮೊದಲು ಕಾಲವಿಚಾರ. ಡೂಮ್ ಪಟ್ರೋಲ್ ಅವತರಿಸಿದ್ದು ‘ಮೈ ಗ್ರೇಟೆಸ್ಟ್ ಅಡ್ವೆಂಚರ್’ ಎಂಬ ಪತ್ರಿಕೆಯ 80ನೇ ಸಂಚಿಕೆಯಲ್ಲಿ. ಮುಖಪುಟದ ಮೇಲಿನ ತಾರೀಖು ಜೂನ್ 1963. ಮಾರ್ವೆಲ್‌ನ ಲೋಕವಿಖ್ಯಾತ ಎಕ್ಸ್-ಮೆನ್ ಮೊದಲ ಸಂಚಿಕೆಯ ಮೇಲೆ ಸೆಪ್ಟೆಂಬರ್ 1963 ಎಂದಿದೆ. ಎರಡರಲ್ಲೂ ಜನ ದೂರವಿಟ್ಟ ವಿಲಕ್ಷಣರ ಒಂದು ತಂಡ. ಎರಡರಲ್ಲೂ ಗಾಲಿಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುವ ಮಹಾಮೇಧಾವಿ. ಸಾಲದೆಂದು 1964ರ ಮಾರ್ಚ್ ತಿಂಗಳ ಸಂಚಿಕೆಗಳಲ್ಲಿ ಡೂಮ್ ಪಟ್ರೋಲ್‌ಗೆ ‘ಬ್ರದರ್‌ಹುಡ್ ಆಫ್ ಈವಿಲ್’ ಎಂಬ ಖಳಕೂಟ ಎದುರಾದರೆ, ಎಕ್ಸ್-ಮೆನ್‌ಗೆ ‘ಬ್ರದರ್‌ಹುಡ್ ಆಫ್ ಈವಿಲ್ ಮ್ಯುಟೆಂಟ್ಸ್’ ಎದುರಾಯಿತು.

ಇದನ್ನು ಕಾಕತಾಳೀಯವೆನ್ನುವವರು ವಿಜಯನಗರ ಪಂಥದವರು (ಹಂಪೆಯದಲ್ಲ, ಅತ್ತಿಗುಪ್ಪೆ ಪಕ್ಕದ್ದು). ಕಾಮಿಕ್ ಪುಸ್ತಕವೊಂದನ್ನು ಬರೆದು, ಚಿತ್ರಿಸಿ, ಅಚ್ಚಿಗೆ ಕಳಿಸಲು ತಿಂಗಳುಗಟ್ಟಲೆ ಬೇಕು. ಜೂನ್‌ನದನ್ನು ನೋಡಿ ಸೆಪ್ಟೆಂಬರ್‌ಗೆ ನಕಲು ಮಾಡಲಾಗದು ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ, ಆದ್ದರಿಂದಲೇ ಅದನ್ನು ಜೋರಾಗಿ ವಿರೋಧಿಸಬೇಕಾಗುತ್ತದೆ. ಕಥೆಗಾರ ಆರ್ನಾಲ್ಡ್ ಡ್ರೇಕ್ ಸ್ವತಃ ಬಹುಕಾಲ ಕಾಕತಾಳೀಯವೆಂದೇ ನಂಬಿದ್ದರು. ವಯಸ್ಸಾದ ಮೇಲೆ, ನ್ಯೂಯಾರ್ಕಿನಲ್ಲಿ ಚಿತ್ರಕಾರರು ಎರಡೂ ಕಂಪನಿಗಳಿಗೆ ದುಡಿಯುತ್ತಿದ್ದರು, ಸುದ್ದಿ ಸೋರಿರಬೇಕು ಎಂದು ಮಾತು ಬದಲಿಸಿದರು. ಕುಮಾರವ್ಯಾಸನನ್ನು ಶತಮಾನದಿಂದ ಶತಮಾನಕ್ಕೆ ಎಳೆದಾಡಿದ ನಾಡಿನವರು ನಾವು. ಮೂರು ತಿಂಗಳ ಅಂತರವನ್ನು ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ.

ಕರ್ತೃವಿಚಾರ ಇನ್ನೂ ರುಚಿಕರ. ಕವಿರಾಜಮಾರ್ಗ ನೃಪತುಂಗನದೋ ಶ್ರೀವಿಜಯನದೋ ಎಂಬಂತೆ ಇಲ್ಲಿಯೂ ಎರಡು ಹೆಸರುಗಳಿವೆ: ಡ್ರೇಕ್ ಮತ್ತು ಬಾಬ್ ಹೇನಿ. ಹೇನಿ ಕೈಜೋಡಿಸಿದ್ದು ಆರಂಭದಲ್ಲಷ್ಟೇ. ಮುಂದೆ ಭಾರವೆಲ್ಲ ಡ್ರೇಕ್‌ರದು. ಚಿತ್ರಕಾರ ಬ್ರೂನೋ ಪ್ರೆಮಿಯಾನಿ ಹುಟ್ಟಿದ್ದು ಟ್ರಿಯೆಸ್ಟ್‌ನಲ್ಲಿ, ಬಹುಕಾಲ ದುಡಿದದ್ದು ಅರ್ಜೆಂಟೀನಾದಲ್ಲಿ. ಆತ ಬರೆದ ಮುಖಗಳಲ್ಲಿ ಸೂಪರ್‌ಹೀರೋಗಳಿಗೆ ಇರಬಾರದ ಒಂದು ಗುಣವಿದೆ: ಅವು ದಣಿದಿರುತ್ತವೆ. ಡ್ರೇಕ್ 1968ರಲ್ಲಿ ಡಿಸಿ ಬಿಟ್ಟು ಮಾರ್ವೆಲ್ ಸೇರಿ ಕೆಲಕಾಲ ಎಕ್ಸ್-ಮೆನ್ ಕಥೆಯನ್ನೇ ಬರೆದರೆಂಬುದನ್ನು ವಿಜಯನಗರ ಪಂಥದವರು ಪದೇ ಪದೇ ನೆನಪಿಸುತ್ತಾರೆ. ನೆನಪಿಸಬೇಕಾಗಿಲ್ಲ.

ಇನ್ನು ದೇಶವಿಚಾರ. ತಂಡದ ನೆಲೆ ಮಿಡ್‌ವೇ ಸಿಟಿ ಎಂದು ಮೂಲಪಠ್ಯ ಹೇಳುತ್ತದೆ. ಇದು ಪ್ರಕ್ಷಿಪ್ತ. ಒಳಪ್ರಮಾಣಗಳನ್ನು ನೋಡಿದರೆ ಕೃತಿಯ ನಿಜವಾದ ದೇಶ ರಾಜಾಜಿನಗರ.

ಪ್ರಮಾಣ ಹೀಗೆ. ಕ್ಲಿಫ್ ಸ್ಟೀಲ್ ರೇಸ್ ಕಾರು ಓಡಿಸುವವ. ಪಂದ್ಯದಲ್ಲೇ ಅಪಘಾತವಾಗಿ ಮೆದುಳೊಂದು ಉಳಿಯಿತು. ಅದನ್ನು ಲೋಹದ ಮೈಯೊಳಗೆ ಕೂರಿಸಿದರು, ರೋಬಾಟ್‌ಮ್ಯಾನ್ ಆದ. ಲ್ಯಾರಿ ಟ್ರೇನರ್ ಹೊಸ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವ ಪೈಲಟ್. ಹಾರಾಟದಲ್ಲಿ ವಿಕಿರಣ ತಗುಲಿ ಮೈಯೆಲ್ಲ ಬ್ಯಾಂಡೇಜ್ ಸುತ್ತಿಕೊಂಡೇ ಬದುಕಬೇಕಾಯಿತು. ಅವನೊಳಗಿನ ಕಪ್ಪು ಆಕೃತಿ ಹೊರಹೋಗಿ ಸಾಹಸ ಮಾಡಬಲ್ಲದು, ಆದರೆ 60 ಸೆಕೆಂಡಿನೊಳಗೆ ಮರಳದಿದ್ದರೆ ಲ್ಯಾರಿ ಸಾಯುತ್ತಾನೆ. (ನವರಂಗ್ ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಕಥೆ ಮೊದಲ ಸಂಚಿಕೆಯಲ್ಲೇ ಮುಗಿಯುತ್ತಿತ್ತು.) ರೀಟಾ ಫಾರ್ ನಟಿ. ಆಫ್ರಿಕಾದಲ್ಲಿ ಶೂಟಿಂಗ್ ನಡೆಯುವಾಗ ಅಗ್ನಿಪರ್ವತದ ಅನಿಲ ಕುಡಿದು, ಮನಬಂದಂತೆ ಬೆಳೆಯುವ, ಕುಗ್ಗುವ ಶಕ್ತಿ ಬಂತು.

ಮೂವರಿಗೂ ಪೆಟ್ಟಾದದ್ದು ಡ್ಯೂಟಿಯ ಮೇಲೆ. ಇದನ್ನು ಇದುವರೆಗೆ ಗಮನಿಸಿದವರು ಕಡಿಮೆ, ರಾಜಾಜಿನಗರದವರು ಗಮನಿಸದಿರಲಾರರು. ಸಿ. ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ಕೈಗಾರಿಕಾ ಬಡಾವಣೆಯಾಗಿ ಹುಟ್ಟಿದ ಊರಿದು. ಇಂಡಸ್ಟ್ರಿಯಲ್ ಟೌನಿನಿಂದ ಕಾಮಾಕ್ಷಿಪಾಳ್ಯದವರೆಗೆ ಲೇತ್ ಸದ್ದು ಕೇಳುತ್ತಾ ಬೆಳೆದವರಿಗೆ, ಬೆರಳು ಕಳೆದುಕೊಂಡೂ ಮತ್ತೆ ಶಿಫ್ಟ್‌ಗೆ ಹೋಗುವ ನೆರೆಮನೆಯ ಅಂಕಲ್ ಹೊಸಬರಲ್ಲ. ಅಂಥವರಿಗಾಗಿ ಇಲ್ಲೇ ಇಎಸ್‌ಐ ಆಸ್ಪತ್ರೆ ಇದೆ. 1948ರ ಇಎಸ್‌ಐ ಕಾಯ್ದೆಯ ಅನುಸೂಚಿಯಲ್ಲಿ ಯಾವ ಅಂಗ ಹೋದರೆ ದುಡಿಮೆಯ ಶಕ್ತಿ ಶೇಕಡ ಎಷ್ಟು ನಷ್ಟವೆಂದು ಪಟ್ಟಿಯೇ ಇತ್ತು: ಹೆಬ್ಬೆರಳಿಗೆ 30, ಎರಡೂ ಕೈಗಳಿಗೆ 100. ಮೆದುಳು ಬಿಟ್ಟು ಮಿಕ್ಕಿದ್ದೆಲ್ಲ ಹೋದರೆ ಎಷ್ಟು ಎಂಬ ಸಾಲು ಅದರಲ್ಲಿರಲಿಲ್ಲ. ಕ್ಲಿಫ್ ಸ್ಟೀಲ್ ಪ್ರಕರಣ ಮೆಡಿಕಲ್ ಬೋರ್ಡ್ ಮುಂದೆ ಬಂದರೆ ಏನಾದೀತು ಎಂಬುದು ಈ ಪ್ರಬಂಧದ ಮುಂದಿನ ಸಂಪುಟದ ವಸ್ತು. ರೀಟಾಳ ಅರ್ಜಿ ಮಾತ್ರ ನಿಲ್ಲದು. 2017ರಲ್ಲಿ ನಿಗದಿಯಾದ ತಿಂಗಳಿಗೆ 21,000 ರೂಪಾಯಿ ಸಂಬಳದ ಮಿತಿಯೊಳಗೆ ಚಿತ್ರತಾರೆ ಬರುವುದಿಲ್ಲ.

ಎಕ್ಸ್-ಮೆನ್‌ಗೂ ಇವರಿಗೂ ಇರುವ ಭೇದ ಇಲ್ಲಿದೆ. ಎಕ್ಸ್-ಮೆನ್‌ಗೆ ಶಕ್ತಿ ಹುಟ್ಟಿನಿಂದಲೇ, ಪಿತ್ರಾರ್ಜಿತ ಸೈಟಿನಂತೆ ಬಂದದ್ದು. ಡೂಮ್ ಪಟ್ರೋಲ್‌ನವರದ್ದು ಗಾಯ. ಅದನ್ನು ಅವರು ಶಕ್ತಿಯೆಂದು ಸಂಭ್ರಮಿಸುವುದಿಲ್ಲ. ಗೊಣಗುತ್ತಾರೆ, ಕನ್ನಡಿ ತಪ್ಪಿಸುತ್ತಾರೆ, ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಾರೆ, ಮತ್ತೆ ಬೆಳಗಾದರೆ ಕೆಲಸಕ್ಕೆ ಹೊರಡುತ್ತಾರೆ. ಪ್ರಸ್ತುತ ಸಂಶೋಧಕನಿಗೆ ಇವರು ಹಿಡಿಸಿದ್ದು ಈ ಗೊಣಗಾಟಕ್ಕಾಗಿ. ಕೇಪ್ ಹಾರಿಸಿಕೊಂಡು ನಗುವ ವೀರರನ್ನು ನಂಬುವುದು ಕಷ್ಟ.

ಎರಡನೆಯ ಪ್ರಮಾಣ ಡ್ಯಾನಿ. ಸ್ಕಾಟ್ಲೆಂಡಿನ ಗ್ರಾಂಟ್ ಮಾರಿಸನ್ 1989ರಲ್ಲಿ ಈ ಕಥೆಯನ್ನು ಕೈಗೆತ್ತಿಕೊಂಡು ಮರುವರ್ಷ 35ನೇ ಸಂಚಿಕೆಯಲ್ಲಿ ಸೃಷ್ಟಿಸಿದ ಪಾತ್ರ. ಡ್ಯಾನಿ ಮನುಷ್ಯನಲ್ಲ, ಒಂದು ಬೀದಿ. ಜೀವ ಇರುವ, ಬುದ್ಧಿ ಇರುವ, ಸುಸಂಸ್ಕೃತ ಬೀದಿ. ರಾತ್ರೋರಾತ್ರಿ ಯಾವುದೋ ಊರಿನ ಎರಡು ಬೀದಿಗಳ ನಡುವೆ ನುಸುಳಿ ಸೇರಿಕೊಳ್ಳುತ್ತದೆ. ಬೆಳಗ್ಗೆ ಎದ್ದವರಿಗೆ ಅದು ಮೊದಲಿಂದಲೂ ಇದ್ದಂತೆಯೇ ತೋರುತ್ತದೆ. ರಾಜಾಜಿನಗರದ ಬ್ಲಾಕುಗಳಲ್ಲಿ ಮೇನ್, ಕ್ರಾಸ್‌ಗಳ ನಂಬರ್ ಹಿಡಿದು ಮನೆ ಹುಡುಕಿದವರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ. ನಿನ್ನೆ ಇಲ್ಲದ ಕ್ರಾಸ್ ಇವತ್ತು ಎದುರಾಗುವುದು ಇಲ್ಲಿ ನಿತ್ಯಾನುಭವ. ಡ್ಯಾನಿ ಮಾತಾಡುವುದು ಅಂಗಡಿ ಬೋರ್ಡುಗಳ ಮೂಲಕ. ಕರ್ನಾಟಕದ 2024ರ ತಿದ್ದುಪಡಿ ಕಾಯ್ದೆಯಂತೆ ನಾಮಫಲಕಗಳಲ್ಲಿ ಶೇಕಡ 60 ಭಾಗ ಕನ್ನಡವಿರಬೇಕು. ಆದ್ದರಿಂದ ಡ್ಯಾನಿ ಇಲ್ಲಿಗೆ ಬಂದು ನೆಲೆಸಿದ್ದರೆ ಅವನ ಮಾತಿನಲ್ಲೂ ಶೇಕಡ 60 ಕನ್ನಡವಿರಲೇಬೇಕು. ಕಾನೂನಾತ್ಮಕವಾಗಿ ಅವನು ಕನ್ನಡಿಗ. ಈ ನಿಗಮನಕ್ಕೆ ಇದುವರೆಗೆ ಪ್ರತ್ಯುತ್ತರ ಬಂದಿಲ್ಲ.

ಮತವಿಚಾರಕ್ಕೆ ಕೈಹಾಕಿದ ಹಿಂದಿನ ವಿದ್ವಾಂಸರ ಪಾಡನ್ನು ಕಂಡಿರುವುದರಿಂದ ಆ ಅಧ್ಯಾಯವನ್ನು ಖಾಲಿ ಬಿಡಲಾಗಿದೆ.

ಕಾಮಿಕ್ಸ್‌ಗೂ ಕನ್ನಡಕ್ಕೂ ಏನು ಸಂಬಂಧವೆಂದು ಮೂಗು ಮುರಿಯುವವರು ಇರುತ್ತಾರೆ. ಅಮರ ಚಿತ್ರಕಥೆಯ ಇಂಗ್ಲಿಷ್ ಸರಣಿ ಒಂದರಿಂದಲ್ಲ, ಹನ್ನೊಂದರಿಂದ ಶುರುವಾಗುತ್ತದೆ. ಮೊದಲ ಹತ್ತು ಕನ್ನಡದಲ್ಲಿ, 1965ರಲ್ಲಿ ಬಂದಿದ್ದವು ಎಂದು ಅದರ ಹಿಂದಿದ್ದ ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್ ಹೇಳಿದ್ದಾರೆ. ಆ ಸರಣಿಯನ್ನು ಬೆಳೆಸಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಮಲಯಾಳದಿಂದ ಬಂದ ಬಾಲಮಂಗಳದ ಡಿಂಗ, ಅನ್ಯಗ್ರಹದವರ ಪ್ರಯೋಗದಿಂದ ಶಕ್ತಿ ಪಡೆದ ಇಲಿ, ನಮ್ಮ ಮಕ್ಕಳ ಪಾಲಿಗೆ ಸೂಪರ್‌ಮ್ಯಾನ್‌ಗಿಂತ ಹತ್ತಿರದವನಾಗಿದ್ದ. ಅವನಿಗೊಂದು ತಂಡ ಇರಲಿಲ್ಲ, ಅಷ್ಟೇ ಕೊರತೆ.

ಕೊನೆಗೆ, ಕೃತಿಯ ಕೊನೆ. ಮಾರಾಟ ಕುಸಿದು 1968ರಲ್ಲಿ 121ನೇ ಸಂಚಿಕೆಗೆ ಪತ್ರಿಕೆ ನಿಂತಿತು. ಸಾಮಾನ್ಯವಾಗಿ ಇಂಥ ಪುಸ್ತಕಗಳು ಸದ್ದಿಲ್ಲದೆ ನಿಲ್ಲುತ್ತವೆ. ಡ್ರೇಕ್ ಹಾಗೆ ಮಾಡಲಿಲ್ಲ, ತಂಡವನ್ನೇ ಕೊಂದರು. ಖಳನು ಮುಂದಿಟ್ಟ ಆಯ್ಕೆ ಸರಳ: ನೀವು ಸಾಯುತ್ತೀರೋ, ಕಾಡ್ಸ್‌ವಿಲ್ ಎಂಬ ಮೀನುಗಾರರ ಹಳ್ಳಿಯ ಹದಿನಾಲ್ಕು ಮಂದಿ ಸಾಯಬೇಕೋ? ಲೋಕ ಉಳಿಸುವ ಮಾತಿಲ್ಲ, ರಾಜಧಾನಿ ಉಳಿಸುವ ಮಾತಿಲ್ಲ. ಪರಿಚಯವೇ ಇಲ್ಲದ ಹದಿನಾಲ್ಕು ಜನ. ಗಾಲಿಕುರ್ಚಿಯ ಮೇಧಾವಿಯೂ ಸೇರಿ ನಾಲ್ವರೂ ಒಂದೇ ಮಾತಿನಲ್ಲಿ ತಮ್ಮನ್ನೇ ಆರಿಸಿಕೊಂಡರು. ಅದೇ ಸಂಚಿಕೆಯಲ್ಲಿ ಸಂಪಾದಕ ಮರ್ರಿ ಬೋಲ್ಟಿನಾಫ್ ಮತ್ತು ಪ್ರೆಮಿಯಾನಿ ತಾವೇ ಪಾತ್ರಗಳಾಗಿ ಕಾಣಿಸಿಕೊಂಡು, ಇವರನ್ನು ಉಳಿಸುವುದು ಓದುಗರಾದ ನಿಮ್ಮ ಕೈಯಲ್ಲಿದೆ ಎಂದು ಕೇಳಿಕೊಂಡರು. ಓದುಗರು ಉಳಿಸಲಿಲ್ಲ. ಆಮೇಲೆ ಬೇರೆ ಬೇರೆಯವರು ಎಬ್ಬಿಸಿದರು, ಮಾರಿಸನ್ ಬೆಳಗಿಸಿದರು, 2019ರಿಂದ 2023ರವರೆಗೆ ಟಿವಿಯಲ್ಲೂ ಬಂತು; ಆದರೂ ಹಾವನೂರು ವೃತ್ತದ ಬ್ಯಾಗಿನ ಮೇಲೆ ಜಾಗ ಸಿಗಲಿಲ್ಲ.

ಪಶ್ಚಿಮ ಬೆಂಗಳೂರಿನ ಮಹಾಜನರಲ್ಲಿ ಒಂದು ವಿನಂತಿ. ಅಟ್ಟ ಸ್ವಚ್ಛ ಮಾಡುವಾಗ 121ನೇ ಸಂಚಿಕೆ ಸಿಕ್ಕರೆ ರದ್ದಿಗೆ ಹಾಕುವ ಮುಂಚೆ ಒಂದು ಮಾತು ತಿಳಿಸಿ. ರಕ್ಷಾಪುಟ ಹರಿದಿದ್ದರೂ ಅಡ್ಡಿಯಿಲ್ಲ, ಕೆ.ಜಿ. ದರಕ್ಕಿಂತ ಹೆಚ್ಚೇ ಕೊಡಲಾಗುವುದು. ಎಕ್ಸ್-ಮೆನ್ ಬೇಡ.