ರಾಕ್ಷಸರ ಪರವಾಗಿ ಎರಡು ಮಾತು

ಯುದ್ಧವನ್ನು ಕಣ್ಣಾರೆ ಕಂಡವರಿಗೆ ಅದನ್ನು ಕುರಿತು ಮಾತನಾಡಲು ಮನಸ್ಸಿರುವುದಿಲ್ಲವೆಂದೂ, ಕಾಣದವರಿಗೆ ಅದನ್ನು ಬಿಟ್ಟು ಬೇರೊಂದರಲ್ಲಿ ರುಚಿಯಿರುವುದಿಲ್ಲವೆಂದೂ ಬಲ್ಲವರು ಹೇಳುವುದುಂಟು. ಈ ಎರಡನೆಯ ವರ್ಗದಲ್ಲಿ ನನ್ನ ಮೊಮ್ಮಗನು ಅಗ್ರಗಣ್ಯನು. ಸೊಲ್ಲಾಪುರದಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಭೀಮಾನದಿಯ ಸೇತುವೆಗೆ ಮೊದಲೇ ಸಿಕ್ಕುವ ನಮ್ಮ ಮಂದ್ರೂಪದಲ್ಲಿ, ಮನೆಯ ಮುಂದಣ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು, ಅಂಗೈಯಗಲದ ಯಂತ್ರವೊಂದನ್ನು ಎರಡು ಕೈಗಳಿಂದಲೂ ಅವುಚಿಕೊಂಡು, ಅವನು ಫ್ರಾನ್ಸ್ ದೇಶವನ್ನು ಇಂಗ್ಲಿಷರ ಹಿಡಿತದಿಂದ ಬಿಡಿಸುವ ಘನಕಾರ್ಯದಲ್ಲಿ ನಿರತನಾಗಿರುತ್ತಾನೆ. ಮನೆಯಲ್ಲಿ ಕನ್ನಡ, ಶಾಲೆ ಕಚೇರಿಗಳಲ್ಲಿ ಮರಾಠಿ, ಯಂತ್ರದಲ್ಲಿ ಇಂಗ್ಲಿಷು, ಯುದ್ಧ ಮಾತ್ರ ಫ್ರೆಂಚರದು. ಇಷ್ಟನ್ನೂ ಸಂಭಾಳಿಸಿಕೊಂಡು ಅವನು ಗೆಲ್ಲುತ್ತಿರುವನೆಂಬುದು ಗಡಿಭಾಗದ ಜನರ ಸಹಜ ಸಾಮರ್ಥ್ಯಕ್ಕೆ ಸಾಕ್ಷಿಯೆಂದು ನಾನು ತಿಳಿದಿದ್ದೇನೆ.

ಆಟದ ಹೆಸರು ‘ಜಾನ್ ದಾರ್ಕ್’. ಜಪಾನಿನ ಲೆವೆಲ್-5 ಎಂಬ ಸಂಸ್ಥೆಯವರು 2006ರಲ್ಲಿ ಸೋನಿ ಕಂಪನಿಯ ಪಿ.ಎಸ್.ಪಿ. ಯಂತ್ರಕ್ಕಾಗಿ ರಚಿಸಿದುದು. ನಾವು ಶಾಲೆಯಲ್ಲಿ ಜೋನ್ ಆಫ್ ಆರ್ಕ್ ಎಂದು ಓದಿದ ಹಳ್ಳಿಯ ಹುಡುಗಿಯೇ ಇದರ ನಾಯಿಕೆ. ನೂರು ವರ್ಷದ ಯುದ್ಧವೆಂದು ಹೆಸರಿಟ್ಟುಕೊಂಡು 1337ರಿಂದ 1453ರವರೆಗೆ, ಎಂದರೆ 116 ವರ್ಷ, ಎಡೆಬಿಡುತ್ತ ನಡೆದ ಕಲಹವೇ ಇದರ ರಂಗಸ್ಥಳ. ಇಷ್ಟರವರೆಗೆ ಎಲ್ಲವೂ ಪಠ್ಯಪುಸ್ತಕಕ್ಕೆ ಒಪ್ಪುವಂತಿದೆ. ಆದರೆ ಒಂದು ಸಂಜೆ ಕನ್ನಡಕವನ್ನು ಮೂಗಿಗೇರಿಸಿ ಆ ಪರದೆಯೊಳಗೆ ಇಣುಕಿದಾಗ ಮನುಷ್ಯರ ಗುಂಪಿನಲ್ಲಿ ಸಿಂಹಮುಖದವನೊಬ್ಬನು ಖಡ್ಗ ಹಿರಿದು ನಿಂತಿದ್ದನು.

“ಯಾರೋ ಇಂವ?” ಎಂದೆ.

“ಮುತ್ಯಾ, ಇಂವ ಲಾ ಹಿರ್ ಅಂತ. ಫ್ರಾನ್ಸಿನ ದೊಡ್ಡ ಸರದಾರ.”

“ಸರದಾರಗ ಸಿಂಹದ ಮಾರಿ ಯಾಕೋ?”

“ಅಂವ ಇರೋದ ಹಂಗ. ಈಗ ನೀ ಸುಮ್ಮ ಕೂಡು, ನನ್ನ ಪಾಳಿ ಬಂತು.”

ಪಾಳಿಯ ಮಾತು ನನ್ನನ್ನು ಇನ್ನೂ ಹೆಚ್ಚು ವಿಸ್ಮಯಗೊಳಿಸಿತು. ಚದುರಂಗದ ಮನೆಗಳಂತೆ ಗೆರೆ ಕೊರೆದ ರಣಭೂಮಿಯಲ್ಲಿ ಮೊದಲು ನಮ್ಮವರು ಎಲ್ಲರೂ ನಡೆದು, ಹೊಡೆದು, ಮದ್ದು ಕುಡಿದು, ಸಾವಕಾಶವಾಗಿ ತಮ್ಮ ಕಾರ್ಯವನ್ನು ಪೂರೈಸುವವರೆಗೆ ವೈರಿಗಳು ಕತ್ತಿಯನ್ನು ಎತ್ತದೆ ಕಾದು ನಿಂತಿರುತ್ತಾರೆ. ಆಮೇಲೆ ಅವರ ಸರದಿ. ಕಾಲುವೆಯ ನೀರಿನ ಪಾಳಿಗಾಗಿ ಅಣ್ಣತಮ್ಮಂದಿರೇ ಸಲಿಕೆ ಎತ್ತುವ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ, ಪ್ರಾಣಕ್ಕೆ ಎರವಾಗುವ ಹೊತ್ತಿನಲ್ಲಿಯೂ ಪಾಳಿ ತಪ್ಪಿಸದ ಈ ರಾಕ್ಷಸರ ಶಿಸ್ತನ್ನು ನೋಡಿ ಗೌರವವೇ ಹುಟ್ಟಿತೆಂದರೆ ಓದುಗರು ಅನ್ಯಥಾ ಭಾವಿಸಬಾರದು. ಬಿದ್ದ ಯೋಧನು ಮುಂದಿನ ಕಾಳಗಕ್ಕೆ ಮೈ ಕೊಡವಿಕೊಂಡು ಹಾಜರಾಗುತ್ತಾನೆ. ಗೆದ್ದವನ ಅನುಭವವನ್ನು ಅಂಕಿಗಳಲ್ಲಿ ಲೆಕ್ಕವಿಟ್ಟು ಕಾಲಕಾಲಕ್ಕೆ ಬಡ್ತಿಯನ್ನು ಕೊಡುತ್ತಾರೆ. ಶಿಫಾರಸಿಲ್ಲದೆ ಬಡ್ತಿ ದೊರೆಯುವ ಇಲಾಖೆ ಇದೊಂದೇ ಇರಬೇಕು.

ಇದನ್ನೆಲ್ಲ ಹೊಸದೆಂದು ಬೆರಗುಪಡಬೇಕಾದ ಅವಶ್ಯಕತೆ ಮಾತ್ರ ನನಗೆ ಕಾಣಲಿಲ್ಲ. ಜಾತ್ರೆಯ ರಾತ್ರಿ ದೊಡ್ಡಾಟಕ್ಕೆ ಕಂಬಳಿ ಹೊದ್ದು ಕುಳಿತವರಿಗೆ ಈ ವಿದ್ಯೆ ಅಪರಿಚಿತವಲ್ಲ. ಹಗಲೆಲ್ಲ ಎತ್ತಿನ ಹಿಂದೆ ನಡೆದವನು ರಾತ್ರಿ ಕಿರೀಟ ಭುಜಕೀರ್ತಿಗಳನ್ನು ಧರಿಸಿ ಕೌರವನಾಗುವುದು, ಸಾರಥಿಯು “ತಾವು ಧಾರು?” ಎಂದು ವಿಚಾರಿಸಿದೊಡನೆ ತನ್ನ ಕುಲ, ಬಲ, ಬಿರುದುಗಳನ್ನು ಒಂದೊಂದಾಗಿ ಎಣಿಸಿ ಹೇಳುವುದು, ಕಾಳಗವಾಡುವುದು, ಬೆಳಗಾದೊಡನೆ ಸತ್ತವರೂ ಕೊಂದವರೂ ಒಂದೇ ಕೆಟ್ಲಿಯ ಚಹಾ ಕುಡಿಯುವುದು, ಇವೆಲ್ಲವೂ ಆ ಯಂತ್ರದೊಳಗೆ ತಪ್ಪದೆ ನಡೆಯುತ್ತಿವೆ. ಅಲ್ಲಿ ಚಹಾ ಇಲ್ಲವೆಂಬುದೊಂದೇ ಕೊರತೆ.

ನನ್ನ ತಕರಾರು ಬೇರೆಯದು. ಆಟದ ಕತೆಯ ಪ್ರಕಾರ ಈ ಯುದ್ಧದ ಬೆಂಕಿಗೆ ಎಣ್ಣೆ ಹೊಯ್ದವನು ಒಬ್ಬ ರಾಕ್ಷಸ. ಇಂಗ್ಲೆಂಡಿನ ಬಾಲರಾಜನಾದ ಆರನೆಯ ಹೆನ್ರಿಯ ಮೈಯಲ್ಲಿ ಅವನು ಹೊಕ್ಕಿದ್ದಾನೆ. ಅವನನ್ನು ಓಡಿಸಿದರೆ ಲೋಕಕ್ಕೆ ಶಾಂತಿ. ಚರಿತ್ರೆಯ ಹೆನ್ರಿಯಾದರೋ 1422ರಲ್ಲಿ ಪಟ್ಟಕ್ಕೆ ಬಂದಾಗ ಒಂಬತ್ತು ತಿಂಗಳ ಕೂಸು. ಹೊಟ್ಟೆನೋವಿಗೆ ಅಳುವುದರ ಹೊರತು ಬೇರೆ ಯಾವ ಯುದ್ಧಘೋಷಣೆಯೂ ತಿಳಿಯದ ಆ ಶಿಶುವಿನ ಹೆಸರಿನಲ್ಲಿ ಫ್ರಾನ್ಸಿನ ಕಾರಭಾರವನ್ನು ನೋಡಿಕೊಂಡವನು ಅವನ ಕಾಕಾ, ಬೆಡ್‌ಫರ್ಡಿನ ಡ್ಯೂಕ್. ಇನ್ನು ಜಗಳದ ಮೂಲವನ್ನು ಅರಸಿ ಹೋದರೆ, ಮೂರನೆಯ ಎಡ್ವರ್ಡನು ತನ್ನ ತಾಯಿ ಫ್ರಾನ್ಸಿನ ರಾಜಪುತ್ರಿಯಾದ ಕಾರಣ ಆ ಸಿಂಹಾಸನವು ತನಗೆ ಸಲ್ಲತಕ್ಕುದೆಂದು ದಾವೆ ಹೂಡಿದುದು ಕಾಣುತ್ತದೆ. ತವರಿನ ಆಸ್ತಿಯ ಹಕ್ಕು, ಅಪ್ರಾಪ್ತ ವಯಸ್ಕನಾದ ವಾರಸುದಾರ, ಮೇಲ್ವಿಚಾರಣೆಗೆ ನಿಂತ ಕಾಕಾ: ಸೊಲ್ಲಾಪುರದ ಯಾವ ವಕೀಲರನ್ನು ಕೇಳಿದರೂ ಇದರಲ್ಲಿ ರಾಕ್ಷಸರ ಪಾತ್ರವೇನೂ ಇಲ್ಲವೆಂದು ಕಾಗದಪತ್ರ ನೋಡದೆಯೇ ಹೇಳಿಯಾರು.

ಜೋನಳನ್ನು ಸುಟ್ಟವರೂ ರಾಕ್ಷಸರಲ್ಲ. ಆಟದಲ್ಲಿ ಅವಳ ಬದಲಿಗೆ ಅವಳ ವೇಷ ತೊಟ್ಟ ಗೆಳತಿ ಚಿತೆಯನ್ನು ಏರುತ್ತಾಳಂತೆ. ನಿಜವಾಗಿ 1431ರ ಮೇ 30ರಂದು ರೂಆನ್ ಪಟ್ಟಣದಲ್ಲಿ, ಹತ್ತೊಂಬತ್ತರ ಆಸುಪಾಸಿನ ಅವಳನ್ನೇ, ಪಂಡಿತರಾದ ಧರ್ಮಾಧಿಕಾರಿಗಳು ವಿಚಾರಣೆ ನಡೆಸಿ, ಬರಹದಲ್ಲಿ ತೀರ್ಪಿತ್ತು, ಸುಡಿಸಿದರು. 1456ರಲ್ಲಿ ಆ ತೀರ್ಪು ತಪ್ಪೆಂದು ಇನ್ನೊಂದು ತೀರ್ಪು ಬಂತು. 1920ರಲ್ಲಿ ಅವಳನ್ನು ಸಂತಳೆಂದು ಸಾರಿದರು. ಇದನ್ನು ಹೇಳಿದಾಗ ನನ್ನ ಮೊಮ್ಮಗನು, “ಹಂಗಾರ ಆಟದವ್ರೇ ಛಲೋ ಮಾಡ್ಯಾರ ಬಿಡು ಮುತ್ಯಾ,” ಎಂದು ತೀರ್ಪಿತ್ತನು. ಅದನ್ನು ರದ್ದುಪಡಿಸಲು ನನಗೂ ಮನಸ್ಸಾಗಲಿಲ್ಲ.

ಫ್ರಾನ್ಸಿನ ಮಾತು ಹಾಗಿರಲಿ. ಸಿದ್ಧರಾಮನ ಕೆರೆಯ ಮಗ್ಗುಲಿಗೇ ನಿಂತಿರುವ ಸೊಲ್ಲಾಪುರದ ಕೋಟೆಗಾಗಿ ನಡೆದ ಯುದ್ಧಗಳ ಮುಂದೆ ಯಾವ ಜಪಾನೀಯನ ಕಲ್ಪನೆ ನಿಂತೀತು? 1524ರಲ್ಲಿ ವಿಜಯಪುರದ ಇಸ್ಮಾಯಿಲ್ ಆದಿಲಶಾಹನ ಸಹೋದರಿ ಬೀಬಿ ಮರಿಯಮಳನ್ನು ಅಹಮದನಗರದ ಬುರ್ಹಾನ್ ನಿಜಾಮಶಾಹನಿಗೆ ಸೊಲ್ಲಾಪುರದಲ್ಲಿಯೇ ಮದುವೆ ಮಾಡಿ ಕೊಟ್ಟರು. ಕೋಟೆಯನ್ನು ವರದಕ್ಷಿಣೆಯಾಗಿ ಕೊಡುವ ಮಾತಾಗಿತ್ತೆಂದು ಗಂಡಿನ ಕಡೆಯವರು. ಅಂಥ ಮಾತೇ ಆಗಿಲ್ಲವೆಂದು ಹೆಣ್ಣಿನ ಕಡೆಯವರು. ನಮ್ಮಲ್ಲಿ ಇಂಥ ಸಂದರ್ಭದಲ್ಲಿ ಬೀಗರು ಊಟಕ್ಕೆ ಏಳದೆ ಮುನಿಸಿಕೊಂಡು ಕೂಡುತ್ತಾರೆ. ಅವರಲ್ಲಿ ಆನೆ ಕುದುರೆಗಳನ್ನು ಕಟ್ಟಿಕೊಂಡು ದಂಡೆತ್ತಿ ಬಂದರು. ಬುರ್ಹಾನನು ಮೊದಲು ಸೋತನು. ಎಷ್ಟೋ ವರ್ಷಗಳ ಮೇಲೆ ವಿಜಯನಗರದ ರಾಮರಾಯನ ನೆರವು ಪಡೆದು ಕೋಟೆಯನ್ನು ಕಿತ್ತುಕೊಂಡನು. ಆತನ ಮಗ ಹುಸೇನನು ತನ್ನ ಮಗಳು ಚಾಂದಬೀಬಿಯನ್ನು ವಿಜಯಪುರದ ಅಲಿ ಆದಿಲಶಾಹನಿಗೆ ಕೊಡುವಾಗ, ಅದೇ ಕೋಟೆಯನ್ನು ವರದಕ್ಷಿಣೆಯೆಂದು ಮರಳಿಸಿದನು. ಹೀಗೆ ಬೀಗರಾದವರು ಮಿಕ್ಕ ಸುಲ್ತಾನರನ್ನೂ ಕೂಡಿಕೊಂಡು 1565ರ ಜನವರಿಯಲ್ಲಿ ಅದೇ ರಾಮರಾಯನ ಮೇಲೆ ಬಿದ್ದು, ತಾಳಿಕೋಟೆಯೆಂದು ಹೆಸರಾದ ಯುದ್ಧದಲ್ಲಿ ಅವನ ತಲೆಯನ್ನು ತೆಗೆದರು. ಇದನ್ನು ಆಟವಾಗಿ ಕಟ್ಟಿದರೆ, ಕತೆ ನಂಬುವಂತಿಲ್ಲವೆಂದು ಆಡುವವರು ಯಂತ್ರವನ್ನು ಮುಚ್ಚಿಯಾರು.

ಮಾಯಾಯುಧ ಬೇಕೆಂದರೆ ಅದಕ್ಕೂ ಕೊರತೆಯಿಲ್ಲ. ಅಹಮದನಗರದಲ್ಲಿ 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪಿನ ತೂಕ ಸುಮಾರು 55 ಟನ್ನು. ಅದರ ಬಾಯಿಯೇ ಸಿಂಹದ ಬಾಯಿ, ಹಲ್ಲುಗಳ ನಡುವೆ ಅಗಿಯಲ್ಪಡುತ್ತಿರುವ ಆನೆ. ಪರಾಂಡಾದ ಕೋಟೆಯಿಂದ ಅದನ್ನು 1632ರಲ್ಲಿ ವಿಜಯಪುರಕ್ಕೆ ಎಳೆದು ತಂದರು. ಅದರ ಜೊತೆಯ ಕಡಕ್ ಬಿಜಲಿ ಎಂಬ ಇನ್ನೊಂದು ತೋಪು ಭೀಮೆಯನ್ನು ದಾಟಿಸುವಾಗ ಮುಳುಗಿತೆಂದು ಹೇಳುವುದುಂಟು. ಗೆದ್ದು ಉಳಿದ ತೋಪನ್ನು 1854ರಲ್ಲಿ ಇಂಗ್ಲಿಷರ ಸರಕಾರವು ಹಳೆಯ ಲೋಹವೆಂದು ಹರಾಜಿಗಿಟ್ಟಾಗ ಬಂದ ಸವಾಲು ನೂರೈವತ್ತು ರೂಪಾಯಿ. ಪುಣ್ಯವಶಾತ್ ಆ ಹರಾಜು ರದ್ದಾಯಿತು. ಇನ್ನು ಮಂತ್ರಶಕ್ತಿಯ ಪ್ರಕರಣ. ಔರಂಗಜೇಬನು 1695ರಿಂದ ನಾಲ್ಕು ವರ್ಷ ಮಂಗಳವೇಢೆಯ ಹತ್ತಿರದ ಬ್ರಹ್ಮಪುರಿಯಲ್ಲಿ ಬೀಡುಬಿಟ್ಟಿದ್ದಾಗ ಭೀಮೆಗೆ ಮಹಾಪೂರ ಬಂದು ಸಾವಿರಾರು ಜನ ಕೊಚ್ಚಿಹೋದರೆಂದೂ, ಬಾದಶಹನು ಸ್ವಹಸ್ತದಿಂದ ಪ್ರಾರ್ಥನೆಗಳನ್ನು ಬರೆದು ಪ್ರವಾಹ ತಗ್ಗಲೆಂದು ನೀರಿಗೆ ಹಾಕಿಸಿದನೆಂದೂ ಖಾಫೀ ಖಾನನು ಬರೆದಿಟ್ಟಿದ್ದಾನೆ. ಮರಾಠರಿಗೆ ಅಂಜದವನು ಭೀಮೆಗೆ ಅಂಜಿದನು. ಮಳೆಗಾಲದಲ್ಲಿ ಆಕೆಯನ್ನು ಕಂಡವರು ಅವನನ್ನು ಹೀಯಾಳಿಸಲಾರರು.

ಇಂಥ ಸಾಮಗ್ರಿಯಿರಲಾಗಿ ನಮ್ಮ ತರುಣರು ಸ್ವದೇಶೀ ಆಟವೊಂದನ್ನು ಏಕೆ ರಚಿಸಬಾರದೆಂದು ಮೊಮ್ಮಗನ ಮುಂದೆ ಯೋಜನೆಯನ್ನೇ ಮಂಡಿಸಿದೆನು. ಆಡುವವನು ಸೊಲ್ಲಾಪುರದ ಕಿಲ್ಲೇದಾರನ ಪಾತ್ರವನ್ನು ವಹಿಸತಕ್ಕುದು. ಯಾರ ಮದುವೆ ಯಾರೊಡನೆ ನಿಶ್ಚಯವಾಯಿತೆಂದು ನೋಡಿಕೊಂಡು ಬುರುಜಿನ ಮೇಲಣ ನಿಶಾನೆಯನ್ನು ಬದಲಾಯಿಸುತ್ತಿರತಕ್ಕುದು. ದಣಿದಾಗ ಕಡಕ ರೊಟ್ಟಿ ಶೇಂಗಾ ಹಿಂಡಿಯಿಂದ ಬಲ ಬರತಕ್ಕುದು. ಕವಚಕ್ಕೆ ಸೊಲ್ಲಾಪುರದ ಚಾದರು. ಸೀನೆ ಭೀಮೆಗಳು ಕೂಡುವ ಹತ್ತರಸಂಗ-ಕೂಡಲದಲ್ಲಿ, 1018ರ ಮರಾಠಿ ಶಾಸನವಿರುವ ಸಂಗಮೇಶ್ವರನ ಗುಡಿಯಲ್ಲಿ, ವಿಶ್ರಾಂತಿ. ಆ ಕಾಲಕ್ಕೆ ಶೇಂಗಾ ಎಲ್ಲಿತ್ತು, ಆ ಚಾದರು ಎಲ್ಲಿತ್ತು ಎಂದು ಆಕ್ಷೇಪಿಸುವ ಪಂಡಿತರು, ಸಿಂಹಮುಖದ ಸರದಾರನು ಎಲ್ಲಿದ್ದನೆಂದು ಮೊದಲು ಹೇಳಲಿ.

ಹುಡುಗನು ಎಲ್ಲವನ್ನೂ ಕೇಳಿ, “ಆದ್ರ ಕಡೀಕ ಯಾರನ್ನ ಹೊಡೀಬೇಕು, ಮುತ್ಯಾ? ಆಟಕ್ಕ ಒಬ್ಬ ದೊಡ್ಡ ವೈರಿ ಬೇಕಲ್ಲ?” ಎಂದನು. ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರವನ್ನು ತೋರಿಸಲು ಕರೆದೊಯ್ದಿದ್ದಾಗ ಒಂದೊಂದು ಕತ್ತಿಯ ಮುಂದೆಯೂ ನಿಂತು “ಇದರ ಪಾವರ್ ಎಷ್ಟು?” ಎಂದು ಅಂಕಿ ಕೇಳಿದವನಲ್ಲವೆ ಇವನು! ಆದರೆ ಪ್ರಶ್ನೆ ಯೋಗ್ಯವಾದುದು. ಆಟದವರು ರಾಕ್ಷಸನನ್ನು ತಂದು ನಿಲ್ಲಿಸಿದುದು ಇದಕ್ಕೇ. ಬೀಗರ ಮೊಂಡುತನವನ್ನು ಯಾವ ಗುಂಡಿಯೊತ್ತಿ ಸಂಹರಿಸುವುದು? ಕಾಕಾನ ಲೋಭಕ್ಕೆ ಎಷ್ಟು ಪೆಟ್ಟು ಸಾಕು? ಮನುಷ್ಯರ ಪಾಪವನ್ನು ಹೊತ್ತುಕೊಂಡು, ಪಾಳಿ ತಪ್ಪಿಸದೆ ಹೋರಾಡಿ, ನಿಯಮದಂತೆ ಸತ್ತು, ಕತೆಯನ್ನು ಸುಖಾಂತಗೊಳಿಸಿ ಹೋಗುವ ರಾಕ್ಷಸನಂಥ ಪರೋಪಕಾರಿ ಚರಿತ್ರೆಯ ಪುಟಗಳಲ್ಲಿ ಒಬ್ಬನೂ ಇಲ್ಲ.

ಆದಕಾರಣ ಮುಂದೆ ಎಂದಾದರೂ ನಮ್ಮ ಸೀಮೆಯ ಯುದ್ಧವನ್ನು ಆಟವಾಗಿ ಕಟ್ಟುವ ತರುಣರಲ್ಲಿ ನನ್ನದೊಂದು ಬಿನ್ನಹ. ಸಿಂಹಮುಖದವರನ್ನು ಬೇಕಾದಷ್ಟು ಸೇರಿಸಿ; ಮುಳುಗಿದ ತೋಪನ್ನು ಮಂತ್ರದಿಂದ ಮೇಲೆತ್ತಿಸಿ; ಆನೆಗಳಿಗೆ ಮಾತನ್ನೂ ಕಲಿಸಿ. ವರದಕ್ಷಿಣೆಯ ಸಂಗತಿಯನ್ನು ಮಾತ್ರ ಇದ್ದಂತೆಯೇ ಇಡಿ, ಅದರ ಹೊಣೆಯನ್ನು ಪಾಪ ಯಾವ ರಾಕ್ಷಸನ ತಲೆಗೂ ಕಟ್ಟಬೇಡಿ.