ಬೋಂಡಾ, ಬಜ್ಜಿ ಮತ್ತು ನನ್ನ ಗಡೀಪಾರು

ಜ್ವರ ಬಂದ ಗಂಡಸಿಗೆ ನಮ್ಮೂರ ಕಡೆ ಒಂದು ಮರ್ಯಾದೆ ಇತ್ತು. ಹಾಸಿಗೆಗೇ ಗಂಜಿ, ಮೆಣಸಿನ ಸಾರು, ಹಣೆಗೆ ಒದ್ದೆ ಬಟ್ಟೆ. ಸುಮ್ಮನೆ ಒಮ್ಮೆ ನರಳಿದರೂ ಅಡುಗೆಮನೆಯಿಂದ ಇಬ್ಬರು ಓಡಿ ಬರುತ್ತಿದ್ದರು. ಆರೆಗನ್‌ನ ಈ ಮನೆಯಲ್ಲೂ ನಾನು ಸೀನಿದರೆ ಎಲ್ಲರೂ ಓಡುತ್ತಾರೆ, ಸುಳ್ಳೇಕೆ ಹೇಳಲಿ. ಆದರೆ ಓಡುವುದು ಬೋಂಡಾ, ಬಜ್ಜಿಯರ ಪಂಜರದ ಕಡೆಗೆ.

ಇವು ಮಗಳು ಸಾಕಿರುವ ಫೆರೆಟ್‌ಗಳು. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, “ಮುಂಗುಸಿಗೆ ಸ್ವೆಟರ್ ತೊಡಿಸಿದ ಹಾಗಿದೆಯಲ್ಲೋ!” ಎಂದಳು. ಪಕ್ಕದ ಕ್ಯಾಲಿಫೋರ್ನಿಯಾದಲ್ಲಿ ಇವನ್ನು ಸಾಕುವುದೇ ಕಾನೂನಿಗೆ ವಿರುದ್ಧ. ಅಲ್ಲೇ ಒಂದು ಕೆಲಸ ಹುಡುಕಿಕೊಳ್ಳುವ ಬುದ್ಧಿ ನನಗೆ ಆಗ ಬರಲಿಲ್ಲ.

ಮನುಷ್ಯರ ಫ್ಲೂ ಫೆರೆಟ್‌ಗೆ ಬಲು ಸಲೀಸಾಗಿ ಅಂಟುತ್ತದೆ. ವೈರಸ್ಸು ನಮ್ಮ ಮೂಗು, ಗಂಟಲಿನಲ್ಲಿ ಎಲ್ಲಿ ಕೈ ಹಾಕಿ ಹಿಡಿದುಕೊಳ್ಳುತ್ತದೋ ಅಂಥದೇ ಹಿಡಿ ಅವಕ್ಕೂ ಇದೆ. ನಮ್ಮಂತೆಯೇ ಜ್ವರ, ಮೂಗು ಸೋರುವುದು, ಊಟ ಬೇಡ ಎನ್ನುವುದು. 2009ರ ಎಚ್1ಎನ್1 ಹಾವಳಿಯಲ್ಲಿ ಇದೇ ಆರೆಗನ್‌ನ ಸಾಕು ಫೆರೆಟ್‌ಗೂ ಸೋಂಕು ತಗುಲಿತ್ತು. ಮಗಳು ಅದನ್ನು ಹುಡುಕಿಟ್ಟುಕೊಂಡಿದ್ದಾಳೆ; ನಾನು ಕೆಮ್ಮಿದಾಗಲೆಲ್ಲ ಓದಿ ಹೇಳುತ್ತಾಳೆ.

ನಾನೂ ಬಿಡಲಿಲ್ಲ, ಚರಿತ್ರೆ ತೆಗೆದೆ. 1933ರಲ್ಲಿ ಲಂಡನ್ನಿನ ವಿಲ್ಸನ್ ಸ್ಮಿತ್, ಕ್ರಿಸ್ಟೊಫರ್ ಆಂಡ್ರೂಸ್, ಪ್ಯಾಟ್ರಿಕ್ ಲೈಡ್ಲಾ ಮೂವರೂ ಸೇರಿ, ಫ್ಲೂ ಬಂದವರು ಗಂಟಲು ಮುಕ್ಕಳಿಸಿದ ನೀರನ್ನು ಫೆರೆಟ್‌ಗಳ ಮೂಗಿಗೆ ಬಿಟ್ಟು ಕಾಯಿಲೆ ಬರಿಸಿದರು. ಫ್ಲೂ ವೈರಸ್ಸಿನಿಂದ ಬರುತ್ತದೆಂದು ಹಾಗೆ ಗೊತ್ತಾಯಿತು. ಆಮೇಲೊಂದು ಫೆರೆಟ್ ಸ್ಮಿತ್ ಸಾಹೇಬರ ಮುಖಕ್ಕೇ ಸೀನಿ ಅವರನ್ನೂ ಮಲಗಿಸಿತು. ಅವರ ಗಂಟಲಿನಲ್ಲಿ ಸಿಕ್ಕ ವೈರಸ್ಸಿಗೆ ಅವರದೇ ಇನಿಷಿಯಲ್, ‘ಡಬ್ಲ್ಯುಎಸ್’.

“ನೋಡು, ಅವುಗಳಿಂದ ನನಗೂ ಬರಬಹುದು” ಎಂದೆ.

“ನೀವು ಮಾತ್ರೆ ನುಂಗ್ತೀರಲ್ಲ ರೀ. ಅವಕ್ಕೆ ನಮ್ಮ ಮಾತ್ರೆ ವಿಷ” ಎಂದಳು ಹೆಂಡತಿ. ಅದೂ ನಿಜವೇ. ಪ್ಯಾರಾಸಿಟಮಾಲ್ ಅಂಥದ್ದನ್ನು ವೆಟ್ ಹೇಳದೆ ಮುಟ್ಟಿಸಬಾರದು. ಅಮ್ಮ ಹೇಳಿದ ಕಷಾಯವೂ ನಡೆಯದು, ಬರೀ ಮಾಂಸ ತಿನ್ನುವ ಜಾತಿ. ಈಚೆಗೆ ನಮ್ಮ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಕೋಳಿ ಕೂತಿರುತ್ತದೆ. ಅಮ್ಮನಿಗೆ ಆ ಬಾಗಿಲು ಮಾತ್ರ ತೋರಿಸಿಲ್ಲ.

ಹಾಗಾಗಿ ಜ್ವರ ಬಂದಾಗ ನಾನು ಗ್ಯಾರೇಜಿನ ಮೇಲಿನ ಕೋಣೆಗೆ. ಸಾರಿನ ಲೋಟ ಬಾಗಿಲಾಚೆ ಇಟ್ಟು, ತಟ್ಟಿ, ಓಡಿಹೋಗುತ್ತಾರೆ. ಕೆಳಗಿಳಿಯಬೇಕಾದರೆ ಮಾಸ್ಕು, ಸೋಪಿನಲ್ಲಿ ಕೈತೊಳೆತ, ಬೇರೆ ಅಂಗಿ. ಬೋಂಡಾನನ್ನು ಎತ್ತಿ ಮುದ್ದಿಡುವಂತಿಲ್ಲ. ಮುದ್ದಿಡುವ ಆಸೆ ನನಗೆ ಎಂದೂ ಇರಲಿಲ್ಲ, ಬೇಡ ಎಂದಮೇಲೆ ಹುಟ್ಟಿತು.

ಒಮ್ಮೆ ನಾನಿನ್ನೂ ಮೇಲಿರುವಾಗಲೇ ಬಜ್ಜಿ ಸೀನಿತು. ಮತ್ತೆ ಸೀನಿತು. ಮನೆಯಲ್ಲಿ ಸೂತಕದ ಕಳೆ. ಮೆಟ್ಟಿಲ ಬುಡದಿಂದಲೇ ವಿಚಾರಣೆ: “ನಿಜ ಹೇಳಿ, ರಾತ್ರಿ ಕೆಳಗೆ ಬಂದಿದ್ರಾ?” ಚಕ್ಕುಲಿಗೆಂದು ಇಳಿದದ್ದು ಅವರಿಗೆ ಸಂಬಂಧಿಸಿದ್ದಲ್ಲವೆಂದು ಸುಮ್ಮನಿದ್ದೆ. ವೆಟ್‌ಗೆ ಫೋನ್ ಹೋಯಿತು. ಜ್ವರವಿದೆಯೇ, ಊಟ ಬಿಟ್ಟಿದೆಯೇ ಎಂದೆಲ್ಲ ಕೇಳಿ, ಕೊನೆಗೆ ಆಕೆ ಕೇಳಿದ್ದು: “ಮನೆಯಲ್ಲಿ ಈಗ ಏನಾದರೂ ಘಾಟು?” ಅಷ್ಟು ಹೊತ್ತಿಗೆ ಮಗಳೂ ಸೀನಿದಳು, ಹೆಂಡತಿಯೂ ಸೀನಿದಳು. ಒಲೆಯ ಮೇಲೆ ಒಗ್ಗರಣೆಯ ಒಣಮೆಣಸಿನಕಾಯಿ ಕರಕಲಾಗಿತ್ತು. ನನ್ನ ಕ್ಷಮೆ ಯಾರೂ ಕೇಳಲಿಲ್ಲ.

ಈ ಸಲ ಚಳಿಗಾಲಕ್ಕೆ ಮುಂಚೆಯೇ ಹೆಂಡತಿ ನನ್ನನ್ನು ಫ್ಲೂ ಲಸಿಕೆಗೆ ಎಳೆದೊಯ್ದಳು. ಔಷಧಿ ಅಂಗಡಿಯವನು ತೋಳು ಒರೆಸುತ್ತ, “ಮನೆಯಲ್ಲಿ ವಿಶೇಷ ಕಾಳಜಿ ಬೇಕಾದವರು ಇದ್ದಾರೆಯೇ?” ಎಂದ.

“ಇಬ್ಬರಿದ್ದಾರೆ,” ಎಂದಳು ಇವಳು. “ದಿನಕ್ಕೆ ಹದಿನಾಲ್ಕು ಗಂಟೆ ಮಲಗಿರುತ್ತಾರೆ. ಏಳುವುದು ತಿನ್ನುವುದಕ್ಕೆ, ಮನೆಯೆಲ್ಲ ಕಾಲುಚೀಲ ಹರಡುವುದಕ್ಕೆ.”

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಒಬ್ಬರು ಇವರು. ಇನ್ನೊಬ್ಬರು?” ಎಂದ.