ಇಮ್ಮೀಡಿಯೆಟ್ ಜಾಯ್ನರಾ ಸರ್?

ಬೆಂಗಳೂರಿನಲ್ಲಿ ಮಾತಾಡಿಸುವವರೇ ಇಲ್ಲ ಎಂದು ಕೊರಗುವವರು ತಮ್ಮ ರೆಸ್ಯೂಮೆಯನ್ನು ಯಾವುದಾದರೂ ಕನ್ಸಲ್ಟೆನ್ಸಿಗೆ ಕೊಟ್ಟು ನೋಡಬೇಕು. ಬೆಳಿಗ್ಗೆ ಬಾಯಲ್ಲಿ ಬ್ರಷ್ ಇದ್ದಾಗ ಒಬ್ಬರು, ಮಧ್ಯಾಹ್ನ ಕೈಯಲ್ಲಿ ತುತ್ತಿದ್ದಾಗ ಒಬ್ಬರು, ಸಂಜೆ ಬಿಎಂಟಿಸಿ ಬಸ್ಸಿನ ಕಂಬಕ್ಕೆ ಜೋತುಬಿದ್ದಾಗ ಇನ್ನೊಬ್ಬರು ಫೋನ್ ಮಾಡುತ್ತಾರೆ. ಎಲ್ಲರದೂ ಒಂದೇ ಮಂತ್ರ: ‘ಕರೆಂಟ್ ಸಿಟಿಸಿ ಎಷ್ಟು ಸರ್? ಎಕ್ಸ್‌ಪೆಕ್ಟೆಡ್ ಎಷ್ಟು? ನೋಟಿಸ್ ಪೀರಿಯಡ್ ಎಷ್ಟು?’ ಹೆಂಡತಿಯ ತವರಿನವರಿಗೂ ಸರಿಯಾಗಿ ಹೇಳದ ಸಂಬಳವನ್ನು ತುಂಬಿದ ಬಸ್ಸಿನಲ್ಲಿ ಕೂಗಿ ಹೇಳಿದ್ದೇನೆ. ಚಿಲ್ಲರೆಗಾಗಿ ಗದರುತ್ತಿದ್ದ ಕಂಡಕ್ಟರ್ ಆಮೇಲೆ ನನ್ನನ್ನು ಗದರಿಸಲಿಲ್ಲ.

ನಾನು ಅಕೌಂಟ್ಸ್‌ನವನು. ಟ್ಯಾಲಿ, ಜಿಎಸ್‌ಟಿ, ಟಿಡಿಎಸ್ ಇವೇ ನನ್ನ ಪ್ರಪಂಚ. ಹಳೆಯ ಕಂಪನಿಯಲ್ಲಿ ಬಿಲ್ಲುಗಳನ್ನು ಒರಾಕಲ್‌ನಲ್ಲಿ ಹಾಕುತ್ತಿದ್ದೆವು; ಆ ಒಂದು ಪದ ರೆಸ್ಯೂಮೆಯ ಮೂಲೆಯಲ್ಲಿ ಕೂತಿದೆ. ಕನ್ಸಲ್ಟೆನ್ಸಿಯವರಿಗೆ ರೆಸ್ಯೂಮೆ ಓದಲು ಪುರುಸೊತ್ತೆಲ್ಲಿ? ಪದ ಹಾಕಿ ಹುಡುಕುತ್ತಾರೆ, ಸಿಕ್ಕವನಿಗೆ ಫೋನ್ ಮಾಡುತ್ತಾರೆ. ಹಾಗಾಗಿ ನನ್ನನ್ನು ಅರಸಿ ಬರುವುದೆಲ್ಲ ಒರಾಕಲ್ ಡೇಟಾಬೇಸ್ ನೋಡಿಕೊಳ್ಳುವ ಕೆಲಸಗಳು, ಅವೂ ನೈಟ್ ಶಿಫ್ಟಿನವು. ‘ನಾನು ಅಕೌಂಟೆಂಟ್ ಕಣಮ್ಮಾ’ ಎಂದರೆ, ‘ಓಕೆ ಸರ್, ರೆಲೆವೆಂಟ್ ಎಕ್ಸ್‌ಪೀರಿಯೆನ್ಸ್ ಎಷ್ಟು ವರ್ಷ ಅಂತ ಹಾಕ್ಲಿ?’ ಎಂದು ಕೇಳುತ್ತಾರೆ.

ಇಷ್ಟಾದ ಮೇಲೆ ‘ನಿಮ್ಮ ಪ್ರೊಫೈಲ್ ಶಾರ್ಟ್‌ಲಿಸ್ಟ್ ಆಗಿದೆ’ ಎನ್ನುವ ಶುಭವಾರ್ತೆ ಬರುತ್ತದೆ. ಅಮ್ಮ ಅದನ್ನು ಕೇಳಿದ ದಿನವೇ ಮೈಸೂರು ರಸ್ತೆಯ ಗಾಳಿ ಆಂಜನೇಯನಿಗೆ ವಡೆ ಹಾರ ಹರಕೆ ಹೊತ್ತರು. ಶಾರ್ಟ್‌ಲಿಸ್ಟ್ ಮಾಡಿದ್ದು ಕಂಪನಿಯಲ್ಲ, ಕನ್ಸಲ್ಟೆನ್ಸಿಯ ಎಕ್ಸೆಲ್ ಶೀಟು ಎಂಬುದನ್ನು ಅಮ್ಮನಿಗೆ ಹೇಗೋ ಹೇಳಬಹುದು, ಆಂಜನೇಯನಿಗೆ ಹೇಳುವವರು ಯಾರು?

ಅಪ್ಪನದು ಉದ್ಯೋಗ ವಿನಿಮಯ ಕೇಂದ್ರದ ಕಾಲ. ಮೂರು ವರ್ಷಕ್ಕೊಮ್ಮೆ ಸಾಲಿನಲ್ಲಿ ನಿಂತು ಕಾರ್ಡ್ ರಿನ್ಯೂವಲ್ ಮಾಡಿಸಬೇಕಿತ್ತು. 1959ರ ಕಾಯ್ದೆಯ ಪ್ರಕಾರ ಖಾಲಿ ಹುದ್ದೆಗಳನ್ನು ಆ ಕೇಂದ್ರಕ್ಕೆ ತಿಳಿಸುವುದು ಕಡ್ಡಾಯವಾಗಿತ್ತು. ಅಲ್ಲಿಂದಲೇ ಜನ ತೆಗೆದುಕೊಳ್ಳುವುದು ಮಾತ್ರ ಕಡ್ಡಾಯವಾಗಿರಲಿಲ್ಲ! ಅವರು ಕೊನೆಗೂ ಅಪ್ಪನನ್ನು ಕರೆಯಲಿಲ್ಲ, ಇವರು ನನ್ನನ್ನು ಕರೆಯುವುದು ನಿಲ್ಲಿಸುತ್ತಿಲ್ಲ. ಫಲ ಇಬ್ಬರಿಗೂ ಒಂದೇ. ‘ನಮಗೆ ಫೋನ್ ಚಾರ್ಜ್ ಮಾಡೋ ಕಾಟವಾದ್ರೂ ಇರ್ಲಿಲ್ಲ’ ಎನ್ನುತ್ತಾರೆ ಅಪ್ಪ.

ನನಗೆ ಜ್ಞಾನೋದಯ ಮಾಡಿಸಿದವನು ಕನ್ಸಲ್ಟೆನ್ಸಿಯಲ್ಲಿ ಕೆಲಸ ಮಾಡಿ ಬಿಟ್ಟ ಗೆಳೆಯ. ದಿನಕ್ಕಿಷ್ಟು ರೆಸ್ಯೂಮೆ ಕಳಿಸಲೇಬೇಕೆಂಬ ಟಾರ್ಗೆಟ್ಟಿಗೆ ಹೆದರಿ ಹೊರಬಿದ್ದವನು ಈಗ ಇನ್ನೊಂದು ಕನ್ಸಲ್ಟೆನ್ಸಿಯ ಫೋನಿಗೆ ಕಾಯುತ್ತಿದ್ದಾನೆ. ಕಂಪನಿಗಳು ಕೊಡುವ ಕಮಿಷನ್ ಸಾಮಾನ್ಯವಾಗಿ ವಾರ್ಷಿಕ ಸಂಬಳದ 8.33% ಎಂದ. ಲೆಕ್ಕದವನ ತಲೆ ಅಲ್ಲವೇ, ತಕ್ಷಣ ಹೊಳೆಯಿತು: ಹನ್ನೆರಡರಲ್ಲೊಂದು ಪಾಲು, ಅಂದರೆ ಒಂದು ತಿಂಗಳ ಸಂಬಳ. ಅರೆ, ಮನೆ ಬ್ರೋಕರ್ ಕೇಳುವುದೂ ಒಂದು ತಿಂಗಳ ಬಾಡಿಗೆಯನ್ನೇ! ಇಲ್ಲಿ ದುಡ್ಡು ಕೊಡುವ ಬಾಡಿಗೆದಾರ ಕಂಪನಿ. ಹಾಗಾದರೆ ನಾನು? ನಾನೇ ಮನೆ.

ಆ ಕ್ಷಣದಿಂದ ಎಲ್ಲವೂ ಅರ್ಥವಾಗತೊಡಗಿತು. ನೋಟಿಸ್ ಪೀರಿಯಡ್ ಎಂದರೆ ಮನೆ ಯಾವಾಗ ಖಾಲಿ ಎಂಬ ಪ್ರಶ್ನೆ. ರೆಸ್ಯೂಮೆಯಲ್ಲಿ ನನ್ನ ಫೋನ್ ನಂಬರ್ ಅಳಿಸಿ, ಮೇಲೆ ತಮ್ಮ ಲೋಗೋ ಹಾಕಿ ಕಳಿಸುತ್ತಾರಲ್ಲ, ಯಾವ ಬ್ರೋಕರ್ ತಾನೇ ಓನರ್ ನಂಬರ್ ಕೊಟ್ಟಾನು? ಇಬ್ಬರು ಬ್ರೋಕರ್‌ಗಳು ಒಂದೇ ಮನೆ ತೋರಿಸಿದರೆ ಕಮಿಷನ್ನಿನ ಜಗಳವೇ ಬೇಡವೆಂದು ಬಾಡಿಗೆದಾರ ಬೇರೆ ಬೀದಿ ಹಿಡಿಯುತ್ತಾನೆ. ಎರಡು ಕನ್ಸಲ್ಟೆನ್ಸಿಗಳಿಂದ ಹೋದ ನನ್ನ ರೆಸ್ಯೂಮೆಯನ್ನು ‘ಡುಪ್ಲಿಕೇಟ್ ಪ್ರೊಫೈಲ್’ ಎಂದು ಒಂದು ಕಂಪನಿ ತಳ್ಳಿಹಾಕಿದ್ದೂ ಹೀಗೇ. ನನಗೆ ಪೈಪೋಟಿ ಕೊಟ್ಟು ಕೆಲಸ ತಪ್ಪಿಸಿದವನು ನಾನೇ!

ಎಲ್ಲಕ್ಕಿಂತ ಹೆಚ್ಚಾಗಿ, ಇಂಟರ್‌ವ್ಯೂ ಆದ ಮೇಲಿನ ಮೌನ. ‘ಫೀಡ್‌ಬ್ಯಾಕ್ ಬಂದ ತಕ್ಷಣ ಹೇಳ್ತೀವಿ ಸರ್’ ಎಂದವರ ಫೋನು ಆಮೇಲೆ ಸದಾ ಬಿಜಿ. ಮೊದಲು ಕೋಪ ಬರುತ್ತಿತ್ತು. ಈಗಿಲ್ಲ. ಮನೆ ಇಷ್ಟವಾಗದೆ ಹೋದವರು ಫೋನ್ ಮಾಡಿ ಮನೆಗೆ ಕಾರಣ ಹೇಳಿದ್ದುಂಟೇ?

ಕೆಲಸ ಸಿಕ್ಕಿದ ಪುಣ್ಯವಂತರ ಕಥೆಯೇ ಬೇರೆ. ನಮ್ಮ ಪಕ್ಕದ ಮನೆ ಹುಡುಗನಿಗೆ ಸಿಕ್ಕಿತು. ‘ತಿಂಡಿ ಆಯ್ತಾ ಸರ್? ಮ್ಯಾನೇಜರ್ ಒಳ್ಳೆಯವರಾ? ಏನೇ ಬೇಜಾರಿದ್ರೂ ನಮಗೆ ಹೇಳಿ’ ಎಂದು ಕನ್ಸಲ್ಟೆನ್ಸಿಯವರು ಹೆತ್ತತಾಯಿಯಂತೆ ವಿಚಾರಿಸಿಕೊಳ್ಳುತ್ತಿದ್ದರು. ಅವನಿಗೆ ಕಣ್ಣಲ್ಲಿ ನೀರೇ ಬಂದಿತ್ತಂತೆ. 90 ದಿನದೊಳಗೆ ಅವನು ಕೆಲಸ ಬಿಟ್ಟರೆ ಬೇರೆಯವರನ್ನು ಪುಕ್ಕಟೆ ಹುಡುಕಿಕೊಡಬೇಕೆಂಬ ಕರಾರಿತ್ತು, ಅದು ಅವನಿಗೆ ಗೊತ್ತಿರಲಿಲ್ಲ. 91ನೆಯ ದಿನದಿಂದ ಅವನ ತಿಂಡಿ ಅವನ ಪಾಡಿಗೆ ಆಗುತ್ತಿದೆ.

ನಿನ್ನೆ ಮತ್ತೊಂದು ಫೋನು ಬಂತು. ಹೊಸ ದನಿ, ಹಳೆಯ ಪ್ರಶ್ನೆ: ‘ಇಮ್ಮೀಡಿಯೆಟ್ ಜಾಯ್ನರಾ ಸರ್?’

‘ಖಾಲಿ ಇದೆಯಮ್ಮಾ, ಇವತ್ತೇ ಬಂದು ನೋಡಬಹುದು. ಗಾಳಿ, ಬೆಳಕು, ಕಾವೇರಿ ನೀರು ಎಲ್ಲಾ ಇದೆ. ಆದರೆ ಹತ್ತು ತಿಂಗಳು ಅಡ್ವಾನ್ಸ್.’

ಆ ಕಡೆ ಕೀಬೋರ್ಡ್ ಪಟಪಟ ಬಡಿಯಿತು. ‘ಅಡ್ವಾನ್ಸ್ಡ್ ಎಕ್ಸೆಲ್, ಹತ್ತು ತಿಂಗಳು ಎಕ್ಸ್‌ಪೀರಿಯೆನ್ಸ್. ನೋಟ್ ಮಾಡ್ಕೊಂಡೆ ಸರ್.’